ಆಯ್ತು, ಆದೀತು

ಕೊಟ್ರಬಸಪ್ಪನವರು ಕೇಳಿದ್ದು ಇಷ್ಟೇ:
"ಎರಡೆರಡು ಗೆರೆ ಬ್ಯಾಡಮ್ಮ, ನೋಡಿ ನೋಡಿ ಕಣ್ಣು ಉರೀತಾವೆ.
ಆಗಿದ್ದು, ಆಗೋದು, ಎಲ್ಲಾ ಸೇರ್ಸಿ
ಒಂದೇ ಗೆರೆ ಮಾಡ್ಕೊಡು."

ಚೌಕಿಪೇಟೆಯ ಮಹಡಿಯಲ್ಲಿ, ಖಾಲಿ ಚೀಲಗಳ ಘಾಟಿನ ನಡುವೆ
ಗೋಡೆಗೆ ಹೊಸ ಟಿ.ವಿ. ಬಂದಿತ್ತು, ಅಂಚಿನ ಪ್ಲಾಸ್ಟಿಕ್ ಇನ್ನೂ ಕಿತ್ತಿರಲಿಲ್ಲ.
ಹನ್ನೊಂದು ಭಟ್ಟಿಗಳ ಮಂಡಕ್ಕಿ
ಅದರೊಳಗೆ ಗೆರೆಯಾಗಿ ಹರಿಯಬೇಕು.

ಎರಡು ಕಾಲಂ ಮಾಡಿದೆ.
ಒಂದಕ್ಕೆ ಆಯ್ತು ಎಂದು ಹೆಸರಿಟ್ಟೆ,
ಇನ್ನೊಂದಕ್ಕೆ ಆದೀತು.
ತಲೆ ಒಂದೇ, ಬಾಲ ಒಂದೇ,
ನಡುವೆ ಮಾತ್ರ ಒಂದು ಎಳೆತ,
ಕುಳಿತವರು ಏಳುವಾಗ ಎಳೆಯುವ ಉಸಿರಿನಷ್ಟು.

ಸೂತ್ರ ಒಂದೂವರೆ ಸಾಲು:
ಆಯ್ತು ಸೊನ್ನೆಗಿಂತ ಹೆಚ್ಚಿದ್ದರೆ ಅದನ್ನೇ ತಗೋ,
ಇಲ್ಲವಾದರೆ ಆದೀತನ್ನು ತಂದು ತುಂಬು.

ಗೆರೆ ಬಂತು. ಇವತ್ತಿನವರೆಗೆ ಗಟ್ಟಿ, ನಾಳೆಯಿಂದ ಚುಕ್ಕಿ.
ಬೆಸುಗೆ ಎಲ್ಲಿದೆಯೆಂದು ಯಾರಿಗೂ ಕಾಣಿಸಲಿಲ್ಲ.
ಕೊಟ್ರಬಸಪ್ಪನವರು ಚಹಾ ತರಿಸಿದರು.

ತಿಂಗಳ ಕೊನೆಗೆ ಗೋದಾಮಿನ ಎಣಿಕೆಗಿಂತ
ನನ್ನ ಟಿ.ವಿ.ಯಲ್ಲಿ ನೂರ ನಲವತ್ತು ಚೀಲ ಹೆಚ್ಚು.

ಹಮಾಲರನ್ನು ಕೇಳಿದೆ. ಲಾರಿ ಚೀಟಿಗಳನ್ನು ತಿರುವಿದೆ.
ಇಲಿ ತಿಂದರೂ ಇಷ್ಟು ತಿಂದಾವೇ?
ಒಂದೊಂದೇ ಮನೆ ತಟ್ಟುತ್ತ ಬಂದು
ಹದಿನೇಳನೇ ತಾರೀಖಿನ ಮುಂದೆ ನಿಂತೆ.
ಭಟ್ಟಿ ನಂಬರ್ ನಾಲ್ಕು, ಬಾಷಾನಗರ.

ಆ ದಿನ ಒಲೆ ಹೊತ್ತಿರಲಿಲ್ಲ.
ಬೆಳಗಿನ ಮೂರಕ್ಕೆ ಹೊಟ್ಟು ತುಂಬಲು ಎದ್ದ ಬುಡೇನ್‌ಸಾಬ್
ಕಾದ ಮರಳಿನಂಥ ಎದೆಯನ್ನು ಒತ್ತಿಕೊಂಡು
ಅಲ್ಲೇ ಗೋಡೆಗೆ ಒರಗಿದ್ದ.
ನೆನೆಸಿಟ್ಟ ಭತ್ತ ನೆನೆಯುತ್ತಲೇ ಇತ್ತು.
ಓಣಿಯ ಹೊಗೆಕೊಳವೆಗಳು ಒಂದೂ ಉಸಿರಾಡಲಿಲ್ಲ.

ನನ್ನ ಸೂತ್ರಕ್ಕೆ ಇದು ಗೊತ್ತಾಗಲಿಲ್ಲ.
ಮನೆ ಖಾಲಿ ಇದೆ ಎಂದುಕೊಂಡಿತು,
ಪಕ್ಕದ ಕಾಲಮ್ಮಿನಿಂದ ನೂರ ನಲವತ್ತು ಹೊತ್ತು ತಂದು ಸುರಿಯಿತು.
ಸತ್ತ ದಿನವೂ ಅವನ ಕೈಯಲ್ಲಿ
ಎಂದಿನಷ್ಟೇ ಹುರಿಸಿತು.

ಖಾಲಿ ಇರಲಿಲ್ಲ ಆ ಮನೆ.
ಫೋನು ತೆಗೆದು ನೋಡಿದೆ. ರಾತ್ರಿ ಎಂಟೂ ನಲವತ್ತು,
ಬುಡೇನ್‌ಸಾಬನ ಸೊಸೆ ಫೈರೋಜಾ ದಿನವೂ ಕಳಿಸುವ ಲೆಕ್ಕ:
ಒಂದು ಸೊನ್ನೆ.
ಜೊತೆಗೆ ಮಾತಿಲ್ಲ, ರಜೆ ಎಂದಿಲ್ಲ.
ಮಣ್ಣು ಕೊಟ್ಟು ಬಂದವರಿಗೆ ನೀರು ಕೊಟ್ಟು
ಒದ್ದೆ ಕೈ ಸೆರಗಿಗೆ ಒರೆಸಿಕೊಂಡು
ಬರೆದಿದ್ದಳು.

ಸೊನ್ನೆಗಿಂತ ಹೆಚ್ಚೇ ಎಂದು ಕೇಳಿದ್ದೆ ನಾನು.
ಯಾರಾದರೂ ಬರೆದರೇ ಎಂದು ಕೇಳಬೇಕಿತ್ತು.

ಸೂತ್ರ ತಿದ್ದಿದೆ.
ಗೆರೆ ಹದಿನೇಳಕ್ಕೆ ಬಂದು ದಬಕ್ಕನೆ ಬಿದ್ದು
ಹದಿನೆಂಟಕ್ಕೆ ಕುಂಟುತ್ತ ಎದ್ದಿತು.
"ಇದೇನಮ್ಮ ಗುಂಡಿ?" ಅಂದರು ಕೊಟ್ರಬಸಪ್ಪ.
"ಬುಡೇನ್‌ಸಾಬ್" ಅಂದೆ.
ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು.
ಮತ್ತೆ ಹಾಕಿಕೊಳ್ಳಲಿಲ್ಲ.
"ಇರ್ಲಿ ಬಿಡು. ಮುಚ್ಚಬ್ಯಾಡ."

ಆದರೆ ಮುಂದಿನ ಚುಕ್ಕಿಗಳನ್ನು ಏನು ಮಾಡಲಿ?
ಮೂರು ವರ್ಷದ ಅವನ ಹುರಿತದ ಮೇಲೆ ಎಳೆದ ಅಂದಾಜು ಅದು.
ಯುಗಾದಿ ದಾಟಿ, ಮುಂಗಾರು ದಾಟಿ
ನಂಬರ್ ನಾಲ್ಕರಲ್ಲಿ ಇನ್ನೂ ಅವನದೇ ಕೈ
ಮರಳು ತಿರುವುತ್ತ ಹೋಗುತ್ತಿದೆ,
ಹೊಗೆಯಿಲ್ಲದೆ, ಬೆವರಿಲ್ಲದೆ, ದಿನಕ್ಕೆ ನೂರ ನಲವತ್ತು.

ಸಂಜೆ ಏಳು. ಇವತ್ತಿನ ಮನೆಯಲ್ಲಿ ಆದೀತು ಕೂತಿದೆ,
ಯಾರೋ ಬರುವವರೆಗೆ ಸೀಟು ಹಿಡಿದವರ ಹಾಗೆ.
ಫೋನು ಗುಂಯ್ ಎಂದಿತು.

"ತೊಂಬತ್ತಾರು" ಎಂದು ಬರೆದಿದ್ದಾಳೆ ಫೈರೋಜಾ.
ಕೆಳಗೆ, ಇದೇ ಮೊದಲ ಸಲ, ಒಂದು ಮಾತು:
"ಅಕ್ಕಾ, ಇವತ್ತು ನಾನೇ ಹುರಿದಿದ್ದು. ಸ್ವಲ್ಪ ಸೀದೈತೆ."